ಸೂಟ್ ತಗೋಬೇಕಾ, ಬೇಡ್ವಾ? ಹಡಗಿನ ಟಿಕೆಟ್ಟಿನ ಒಂದು ಇತಿಹಾಸ

ಭಾಗ 1/10: ಪ್ರಶ್ನೆ

ಈಗ ರೀಲ್ಸ್ ತೆಗೆದ್ರೆ ಸಾಕು, ಕ್ರೂಸ್. ಮುಂಬೈಯಿಂದ ಗೋವಾ, ಮುಂಬೈಯಿಂದ ಲಕ್ಷದ್ವೀಪ, ಡೆಕ್ ಮೇಲೆ ಈಜುಕೊಳ, ರಾತ್ರಿ ಡಿಜೆ. ನಮ್ಮ ಕ್ಲಾಸ್‌ನಲ್ಲೇ ಇಬ್ಬರ ಮನೆಯೋರು ಹೋಗಿ ಬಂದಿದ್ದಾರೆ. ಬುಕ್ ಮಾಡಿದವರಿಗೆಲ್ಲ ಆಮೇಲೆ ಒಂದು ಫೋನ್ ಬರುತ್ತೆ: "ಸರ್, ಇನ್ನೊಂದಿಷ್ಟು ಕೊಟ್ರೆ ಸೂಟ್‌ಗೆ ಅಪ್‌ಗ್ರೇಡ್ ಮಾಡಿಕೊಡ್ತೀವಿ."

ಅಲ್ಲಿ ಶುರು ತಲೆನೋವು. ಇನ್ನೊಂದಿಷ್ಟು ಅಂದ್ರೆ ಎಷ್ಟು? ಅದಕ್ಕೆ ಸಿಗೋದೇನು? ದೊಡ್ಡ ಕೋಣೆನಾ, ಗಾಳಿನಾ, ಮರ್ಯಾದೆನಾ?

ಇದು ಹೊಸ ಪ್ರಶ್ನೆ ಅಂದ್ಕೊಂಡಿದ್ದೆ. ಹುಡುಕ್ತಾ ಹೋದ್ರೆ ನೂರಮೂವತ್ತು ವರ್ಷ ಹಿಂದೆ ಇದೇ ಪ್ರಶ್ನೆ ನಮಗೆಲ್ಲ ಗೊತ್ತಿರೋ ಇಬ್ಬರ ಮುಂದೆ ಬಂದಿತ್ತು. ಒಬ್ಬರು 23 ವರ್ಷದ ಲಾಯರ್. ಇನ್ನೊಬ್ಬರು 30 ವರ್ಷದ ಸನ್ಯಾಸಿ. ಇಬ್ಬರೂ ಹಡಗು ಹತ್ತಿದ್ದು ಬಾಂಬೆಯಲ್ಲಿ. ವರ್ಷವೂ ಒಂದೇ, 1893. ಇಬ್ಬರೂ ಹೊರಟಾಗ ಮಲಗಿದ್ದು ಮೇಲಿನ ಕ್ಲಾಸ್‌ನಲ್ಲೇ. ಆಮೇಲೆ ಇಬ್ಬರಿಗೂ ಬೇರೆ ಬೇರೆ ಪಾಠ ಸಿಕ್ತು.

ನಮ್ಮ ಶಿವಗಂಗೆಗೂ ಕಡಲಿಗೂ ಏನು ಸಂಬಂಧ ಅಂತ ಕೇಳ್ಬೇಡಿ. ಬೆಟ್ಟದ ಮೇಲೆ ಪಾತಾಳಗಂಗೆ ಇದೆ, ಒಳಕಲ್ಲು ತೀರ್ಥ ಇದೆ, ನಮ್ಮ ಊರಿನ ನೀರೆಲ್ಲ ಅಷ್ಟೇ. ಆದ್ರೆ ಲೆಕ್ಕ ಎಲ್ಲ ಊರಲ್ಲೂ ಒಂದೇ ಅಲ್ವಾ? ಬಿ.ಕಾಂ ಓದೋರಿಗೆ ಇದರಲ್ಲಿ ಕಾಸ್ಟಿಂಗ್ ಇದೆ, ಪ್ರೈಸಿಂಗ್ ಇದೆ, ವರ್ಕಿಂಗ್ ಕ್ಯಾಪಿಟಲ್ ಕೂಡ ಇದೆ. ಹತ್ತು ಪೋಸ್ಟ್ ಇವೆ, ಒಂದೊಂದಾಗಿ ಓದಿ. ಕೊನೆಯಲ್ಲಿ ಉತ್ತರ ಇದೆ. ನನ್ನ ಉತ್ತರ. ಒಪ್ಪದೇ ಇದ್ರೆ ಕಮೆಂಟ್‌ನಲ್ಲಿ ಜಗಳ ಆಡೋಣ.

ಭಾಗ 2/10: ಡೆಕ್ ಬೇಡ ಅಂದ ಲಾಯರ್

ಏಪ್ರಿಲ್ 1893. ಮೋಹನದಾಸ್ ಗಾಂಧಿಗೆ ದಕ್ಷಿಣ ಆಫ್ರಿಕಾದಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತ್ತು. ಕರೆಸಿಕೊಂಡ ಕಂಪನಿ ಫಸ್ಟ್ ಕ್ಲಾಸ್ ಟಿಕೆಟ್ ಕೊಡ್ತೀವಿ ಅಂದಿತ್ತು. ಬಾಂಬೆಗೆ ಬಂದು ನೋಡಿದ್ರೆ ಫಸ್ಟ್ ಕ್ಲಾಸ್ ಫುಲ್. ಮೊಜಾಂಬಿಕ್‌ನ ಗವರ್ನರ್ ಜನರಲ್ ಅದೇ ಹಡಗಲ್ಲಿ ಹೋಗ್ತಿದ್ದರಂತೆ, ಜಾಗ ಇಲ್ಲ. ಡೆಕ್ ಮೇಲೆ ಹೋಗಬಹುದು ಅಂತ ಏಜೆಂಟ್ ಹೇಳಿದ.

ಗಾಂಧಿ ಒಪ್ಪಲಿಲ್ಲ. ಬ್ಯಾರಿಸ್ಟರ್ ಆದವನು ಡೆಕ್ ಮೇಲೆ ಹೋಗೋದು ತನ್ನ ಗೌರವಕ್ಕೆ ಸರಿಹೋಗಲ್ಲ ಅನ್ನಿಸಿತು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸೀದಾ ಹಡಗಿಗೇ ಹೋಗಿ ಚೀಫ್ ಆಫೀಸರ್‌ನ ಹಿಡಿದರು. ಹೇಗಾದರೂ ನನ್ನನ್ನ ತುರುಕಿಸಿಕೊಳ್ಳೋಕೆ ಆಗಲ್ವಾ ಅಂತ ಕೇಳಿದರು. ಆ ಆಫೀಸರ್ ಇವರನ್ನ ಮೇಲಿಂದ ಕೆಳಗೆ ನೋಡಿ ನಕ್ಕ. ತನ್ನ ಕ್ಯಾಬಿನ್‌ನಲ್ಲಿ ಪ್ರಯಾಣಿಕರಿಗೆ ಕೊಡದೇ ಇರೋ ಒಂದು ಬರ್ತ್ ಇದೆ, ಅದನ್ನೇ ತಗೋ ಅಂದ. ಪೂರ್ತಿ ಹಡಗಲ್ಲಿ ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಲಾಸ್ಟ್ ಮಿನಿಟ್ ಅಪ್‌ಗ್ರೇಡ್!

ಅದಕ್ಕೂ ಐದು ವರ್ಷ ಮುಂಚೆ, 1888ರಲ್ಲಿ, ಇಂಗ್ಲೆಂಡಿಗೆ ಓದೋಕೆ ಹೋದಾಗ ಅವರು ಸೆಕೆಂಡ್ ಸಲೂನ್‌ನಲ್ಲಿದ್ದರು. ಸುತ್ತ ಎಲ್ಲ ಇಂಗ್ಲಿಷರು, ಜೊತೆಗೆ ಒಬ್ಬರೇ ಒಬ್ಬರು ನಮ್ಮೋರು. ಚಾಕು ಫೋರ್ಕ್ ಹಿಡಿಯೋಕೆ ಬರಲ್ಲ, ಯಾವುದರಲ್ಲಿ ಮಾಂಸ ಇದೆ ಅಂತ ಕೇಳೋಕೆ ಸಂಕೋಚ. ಟೇಬಲ್ಲಿಗೆ ಹೋಗಲೇ ಇಲ್ಲ. ಮನೆಯಿಂದ ತಂದಿದ್ದ ಸಿಹಿತಿಂಡಿ, ಹಣ್ಣು ಕ್ಯಾಬಿನ್‌ನಲ್ಲೇ ಕೂತ್ಕೊಂಡು ತಿಂದರು. ದುಡ್ಡು ಕೊಟ್ಟಿದ್ದ ಊಟ ಹಾಗೇ ಉಳೀತು.

ನೆನಪಿಟ್ಕೊಳ್ಳಿ: ಟಿಕೆಟ್ ಕೊಟ್ಟ ಮಾತ್ರಕ್ಕೆ ಅದರಲ್ಲಿರೋದೆಲ್ಲ ನಮಗೆ ದಕ್ಕಲ್ಲ.

1893ರಲ್ಲಿ ಗೌರವದ ಲೆಕ್ಕ ಇನ್ನೂ ಬೇಗ ಮುರೀತು. ಜೂನ್ 7ರ ರಾತ್ರಿ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್‌ನಲ್ಲಿ, ಕೈಯಲ್ಲಿ ಫಸ್ಟ್ ಕ್ಲಾಸ್ ಟಿಕೆಟ್ ಇದ್ದೂ, ರೈಲಿಂದ ಆಚೆ ತಳ್ಳಿದರು. ಮುಂದಿನದು ನಮ್ಮ ಪಾಠದ ಪುಸ್ತಕದಲ್ಲೇ ಇದೆ.

ಭಾಗ 3/10: ಫಸ್ಟ್ ಕ್ಲಾಸಿಂದ ಖಾಲಿ ಪೆಟ್ಟಿಗೆಗೆ

ಅದೇ ವರ್ಷ ಮೇ 31. ಬಾಂಬೆಯಿಂದ ಪೆನಿನ್ಸುಲಾರ್ ಅನ್ನೋ ಪಿ ಅಂಡ್ ಓ ಕಂಪನಿ ಹಡಗು ಹೊರಟಿತು. ಅದರಲ್ಲಿ ಸ್ವಾಮಿ ವಿವೇಕಾನಂದ.

ಹಿಂದಿನ ವರ್ಷವಷ್ಟೇ ಅವರು ನಮ್ಮ ಬೆಂಗಳೂರು, ಮೈಸೂರಿಗೆ ಬಂದಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದರು. ಮಹಾರಾಜ ಚಾಮರಾಜೇಂದ್ರ ಒಡೆಯರ್ ವಿದೇಶ ಪ್ರಯಾಣಕ್ಕೆ ಸಹಾಯ ಮಾಡೋಕೆ ಮುಂದೆ ಬಂದಿದ್ದರು. ಮದ್ರಾಸಿನಲ್ಲಿ ಅಳಸಿಂಗ ಪೆರುಮಾಳ್ ಮತ್ತು ಅವರ ಗೆಳೆಯರು ಮನೆಮನೆ ಹತ್ತಿ ಇಳಿದು ಚಂದಾ ಎತ್ತಿದ್ದರು. ಕೊನೆಯಲ್ಲಿ ರಾಜಸ್ಥಾನದ ಖೇತ್ರಿಯ ರಾಜ ಅಜಿತ್ ಸಿಂಗ್ ತಮ್ಮ ಕಾರ್ಯದರ್ಶಿಯನ್ನ ಬಾಂಬೆವರೆಗೂ ಕಳಿಸಿ, ರೇಷ್ಮೆ ಬಟ್ಟೆ ಕೊಡಿಸಿ, ಫಸ್ಟ್ ಕ್ಲಾಸ್ ಟಿಕೆಟ್ ಮಾಡಿಸಿದರು. ರಾಜರ ಗುರು ಕೆಳಗಿನ ಕ್ಲಾಸ್‌ನಲ್ಲಿ ಹೋಗೋದು ಹೇಗೆ?

ಜುಲೈ ಕೊನೆಗೆ ಚಿಕಾಗೋ ತಲುಪಿದರು. ಸರ್ವಧರ್ಮ ಸಮ್ಮೇಳನ ಶುರುವಾಗೋದು ಸೆಪ್ಟೆಂಬರಿನಲ್ಲಿ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯ್ತು. ಚಿಕಾಗೋ ಖರ್ಚು ನೋಡಿದರೆ ಕೈಯಲ್ಲಿದ್ದ ದುಡ್ಡು ಬಿಸಿಲಲ್ಲಿಟ್ಟ ಬೆಣ್ಣೆ ಥರ ಕರಗ್ತಾ ಇತ್ತು. ಖರ್ಚು ಕಮ್ಮಿ ಅಂತ ಬಾಸ್ಟನ್ ಕಡೆ ಹೋದರು. ಸಮ್ಮೇಳನಕ್ಕೆ ವಾಪಸ್ ಬಂದಾಗ ಹೋಗಬೇಕಾದ ವಿಳಾಸ ಕಳೆದುಹೋಗಿತ್ತು. ಆ ರಾತ್ರಿ ರೈಲ್ವೆ ಗೂಡ್ಸ್ ಯಾರ್ಡ್‌ನಲ್ಲಿ ಒಂದು ಖಾಲಿ ಪೆಟ್ಟಿಗೆಯೊಳಗೆ ಮಲಗಿದರು ಅಂತ ಅವರ ಜೀವನಚರಿತ್ರೆಯಲ್ಲಿದೆ.

ಕಡಲ ಮೇಲೆ ಫಸ್ಟ್ ಕ್ಲಾಸ್. ದಡ ಸೇರಿದ ಮೇಲೆ ಪೆಟ್ಟಿಗೆ.

ಬಿ.ಕಾಂ ಭಾಷೆಯಲ್ಲಿ ಹೇಳ್ಲಾ? ದೊಡ್ಡ ಫ್ಯಾಕ್ಟರಿ ಕಟ್ಟಿ, ಕಚ್ಚಾಮಾಲು ತರೋಕೆ ದುಡ್ಡಿಲ್ಲದ ಪರಿಸ್ಥಿತಿ. ಬಂಡವಾಳ ಇತ್ತು, ವರ್ಕಿಂಗ್ ಕ್ಯಾಪಿಟಲ್ ಇರಲಿಲ್ಲ. ಟಿಕೆಟ್ ಉಡುಗೊರೆಯಾಗಿ ಬಂದಿದ್ದು, ಅದನ್ನ ಬೇಡ ಅನ್ನಬೇಕಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಅಪ್‌ಗ್ರೇಡ್ ವಿಚಾರ ಬಂದಾಗ ಮೊದಲು ಕೇಳಬೇಕಾದ್ದು ಇದು: ಇಳಿದ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತೆ?

ಭಾಗ 4/10: ಪಕ್ಕದಲ್ಲಿ ಯಾರು ಸಿಗ್ತಾರೆ?

ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ.

ಜಪಾನಿನಿಂದ ಕೆನಡಾಗೆ ವಿವೇಕಾನಂದರು ಹೋದ ಹಡಗಿನ ಹೆಸರು ಎಂಪ್ರೆಸ್ ಆಫ್ ಇಂಡಿಯಾ. ಅದೇ ಹಡಗಲ್ಲಿ ಇನ್ನೊಬ್ಬ ಪ್ರಯಾಣಿಕರಿದ್ದರು, ಜೆಮ್‌ಸೆಟ್‌ಜಿ ಟಾಟಾ. ಪೆಸಿಫಿಕ್ ಸಾಗರ ದಾಟೋದು ಅಂದ್ರೆ ಹತ್ತು ಹನ್ನೊಂದು ದಿನ. ಫೋನ್ ಇಲ್ಲ, ನೆಟ್‌ವರ್ಕ್ ಇಲ್ಲ. ಮಾತಾಡದೇ ಇನ್ನೇನು ಮಾಡೋದು?

ಐದು ವರ್ಷ ಆದಮೇಲೆ, 1898ರ ನವೆಂಬರ್ 23ರಂದು, ಟಾಟಾ ಅವರು ವಿವೇಕಾನಂದರಿಗೆ ಒಂದು ಪತ್ರ ಬರೆದರು. ಜಪಾನಿಂದ ಚಿಕಾಗೋ ಕಡೆ ಹೋಗುವಾಗ ಜೊತೆ ಪ್ರಯಾಣಿಕನಾಗಿದ್ದ ನನ್ನ ನೆನಪಿದೆ ಅಂದ್ಕೊಳ್ತೀನಿ ಅಂತ ಶುರು ಮಾಡಿ, ತಾವು ಕಟ್ಟಬೇಕು ಅಂತಿದ್ದ ವಿಜ್ಞಾನ ಸಂಶೋಧನಾ ಸಂಸ್ಥೆಯ ವಿಷಯಕ್ಕೆ ಬಂದರು. ಟಾಟಾ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸ್ಥಾಪನೆಯ ಆದೇಶ ಬಂತು, 1911ರಲ್ಲಿ ಪಾಠ ಶುರುವಾಯ್ತು. ಇವತ್ತು ಯಶವಂತಪುರಕ್ಕೆ ಹೋಗುವಾಗೆಲ್ಲ ಮರಗಳ ಮಧ್ಯೆ ಕಾಣೋ ಐಐಎಸ್‌ಸಿ ಅದೇ. ಅದಕ್ಕೇ ಜನ ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ.

ಹಡಗಿನ ಮಾತಿಂದಲೇ ಐಐಎಸ್‌ಸಿ ಹುಟ್ಟಿತು ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದು ಸ್ವಲ್ಪ ಜಾಸ್ತಿ ಆಯ್ತು. ದಶಕಗಟ್ಟಲೆ ದುಡಿಮೆ, ರಾಜರ ಭೂಮಿ, ಸರ್ಕಾರದ ಜೊತೆ ಗುದ್ದಾಟ ಎಲ್ಲ ಅದರ ಹಿಂದಿದೆ. ಆದರೆ ಪತ್ರ ಸುಳ್ಳಲ್ಲ. ಆ ಪರಿಚಯ ಹಡಗಿನದು.

ಆ ಕಾಲದ ಹಡಗಲ್ಲಿ ಒಂದು ಕ್ಲಾಸಿನವರು ಇನ್ನೊಂದು ಕ್ಲಾಸಿನವರ ಡೆಕ್ ಮೇಲೆ ಸುಮ್ಮನೆ ಓಡಾಡೋ ಹಾಗಿರಲಿಲ್ಲ. ಮೇಲಿನ ಟಿಕೆಟ್ ಕೊಡ್ತಿದ್ದದ್ದು ಮೆತ್ತನೆ ಹಾಸಿಗೆ ಮಾತ್ರ ಅಲ್ಲ, ಯಾರ ಜೊತೆ ಕೂತು ಊಟ ಮಾಡ್ತೀವಿ ಅನ್ನೋದನ್ನೂ ಅದೇ ತೀರ್ಮಾನ ಮಾಡ್ತಿತ್ತು. ಇವತ್ತಿನ ಕ್ರೂಸ್ ಜಾಹೀರಾತುಗಳು ಸೂಟ್ ಹೆಸರಲ್ಲಿ ಮಾರೋದೂ ಅರ್ಧ ಇದನ್ನೇ.

ಭಾಗ 5/10: ಆಗಬೋಟಿನ ಡೆಕ್

ಇಲ್ಲಿವರೆಗೂ ಮೇಲಿನವರ ಕಥೆ. ಈಗ ಕೆಳಗೆ ಬರೋಣ. ಇತಿಹಾಸದಲ್ಲಿ ಜಾಸ್ತಿ ಜನ ಇದ್ದದ್ದು ಅಲ್ಲೇ.

ಕೊಂಕಣ ರೈಲ್ವೆ ಪೂರ್ತಿ ಓಡೋಕೆ ಶುರುವಾಗಿದ್ದು 1998ರಲ್ಲಿ. ಅದಕ್ಕೂ ಬಹಳ ಮುಂಚೆ, ಬಸ್ಸುಗಳೂ ಸರಿಯಾಗಿಲ್ಲದ ಕಾಲದಲ್ಲಿ, ನಮ್ಮ ಕರಾವಳಿಯವರು ಮುಂಬೈಗೆ ಹೋಗ್ತಿದ್ದದ್ದು ಕಡಲಲ್ಲಿ. ಹೊಗೆ ಉಗುಳೋ ಆ ಹಡಗನ್ನ ಜನ ಕರೀತಿದ್ದ ಹೆಸರು ಆಗಬೋಟು. ಮಂಗಳೂರಿನ ಹಳೇ ಬಂದರಿನ ಅಳಿವೆಯಲ್ಲಿ ಆಳ ಸಾಲದು. ದೊಡ್ಡ ಹಡಗು ಹೊರಗೆ ಕಡಲಲ್ಲೇ ಲಂಗರು ಹಾಕ್ತಿತ್ತು. ಜನ ದೋಣಿಯಲ್ಲಿ ಹೋಗಿ, ಅಲೆಗೆ ದೋಣಿ ಮೇಲೆ ಕೆಳಗೆ ಆಡುವಾಗ ಸಮಯ ನೋಡಿ ಹಡಗು ಹತ್ತಬೇಕು. ಮಳೆಗಾಲದಲ್ಲಿ ಆ ಸಂಚಾರವೂ ಬಂದ್.

ಹತ್ತಿದವರಲ್ಲಿ ಹೆಚ್ಚಿನವರದ್ದು ಡೆಕ್ ಟಿಕೆಟ್. ಡೆಕ್ ಅಂದ್ರೆ ಕೋಣೆ ಇಲ್ಲ, ಹಾಸಿಗೆ ಇಲ್ಲ. ಚಾಪೆ ಹಾಸಿದ್ದೇ ಜಾಗ. ಟ್ರಂಕೇ ಗೋಡೆ. ಬುತ್ತಿ ಮನೆಯಿಂದ. ಹೋಟೆಲಲ್ಲಿ ಲೋಟ ತೊಳೆಯೋಕೆ ಹೋಗೋ ಹುಡುಗರು, ಗಿರಣಿ ಕೆಲಸಕ್ಕೆ ಹೋಗೋರು, ಗುಮಾಸ್ತರು. ಹಗಲೆಲ್ಲ ದುಡಿದು ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಇವರೇ. 1902ರಲ್ಲೇ ಮುಂಬೈಯಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಅಂಥ ರಾತ್ರಿ ಶಾಲೆಯನ್ನ ನಡೆಸಿದ ಸಂಸ್ಥೆಗಳಲ್ಲಿ ಒಂದು.

ಡೆಕ್ ಟಿಕೆಟ್ ಅಂದ್ರೆ ಬರೀ ಬಡತನ ಅಂತ ಓದಬೇಡಿ. ಅದೂ ಒಂದು ನಿರ್ಧಾರ. ಎರಡು ರಾತ್ರಿ ಮೈ ನೋವು ತಡ್ಕೊಂಡ್ರೆ ಉಳಿಯೋ ದುಡ್ಡು ಮುಂಬೈಯ ಮೊದಲ ತಿಂಗಳಿಗೆ ಆಗುತ್ತೆ. ಹಿಂದಿನ ಪೋಸ್ಟಿನ ವರ್ಕಿಂಗ್ ಕ್ಯಾಪಿಟಲ್ ಪಾಠ ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಆಯ್ಕೆ ಅನ್ನೋ ಮಾತಿಗೂ ಒಂದು ಮಿತಿ ಇದೆ. ಡೆಕ್ ಜನಕ್ಕಾಗಿ ಬ್ರಿಟಿಷ್ ಸರ್ಕಾರ 1887ರಲ್ಲಿ ಮಾಡಿದ ಕಾಯ್ದೆಯ ಹೆಸರೇ ನೇಟಿವ್ ಪ್ಯಾಸೆಂಜರ್ ಶಿಪ್ಸ್ ಆಕ್ಟ್. ತಲೆಗೆ ಕನಿಷ್ಠ ಇಷ್ಟು ಜಾಗ ಕೊಡಿ ಅಂತ ಹಡಗಿನವರಿಗೆ ಕಾನೂನೇ ಹೇಳಬೇಕಾಯ್ತು ಅಂದ್ರೆ, ಅದಿಲ್ಲದೆ ಹೇಗೆ ತುಂಬ್ತಿದ್ರು ಅಂತ ನೀವೇ ಊಹಿಸಿ.

ಭಾಗ 6/10: ಗಾಳಿ, ನೆರಳು, ಜೀವ

ಹಳೇ ಕಾಲದಲ್ಲಿ ಜಾಸ್ತಿ ದುಡ್ಡು ಕೊಂಡ್ಕೊಳ್ತಿದ್ದದ್ದು ಏನು? ಮೂರು ವಸ್ತು.

ಒಂದು, ಗಾಳಿ. ಎಸಿ ಇಲ್ಲದ ಕಾಲ. ಕೆಂಪು ಸಮುದ್ರದ ಸೆಖೆ. ಹಡಗಿನ ಹೊಟ್ಟೆಯೊಳಗೆ, ಎಂಜಿನ್ ಪಕ್ಕ, ಕಿಟಕಿ ಇಲ್ಲದ ಜಾಗದಲ್ಲಿ ಮಲಗೋದು ಅಂದ್ರೆ ಬಾಣಲೆಯಲ್ಲಿ ಮಲಗಿದ ಹಾಗೆ. ಮೇಲೆ ಹೋದಷ್ಟೂ ಗಾಳಿ, ಮೇಲೆ ಹೋದಷ್ಟೂ ರೇಟು.

ಎರಡು, ನೆರಳು. ಇಂಗ್ಲೆಂಡಿಂದ ಇಂಡಿಯಾಗೆ ಬರುವಾಗ ಹಡಗಿನ ಎಡಗಡೆ ಕ್ಯಾಬಿನ್‌ಗೆ ಬಿಸಿಲು ಕಮ್ಮಿ, ವಾಪಸ್ ಹೋಗುವಾಗ ಬಲಗಡೆಗೆ. ಪಾಶ್ ಅನ್ನೋ ಇಂಗ್ಲಿಷ್ ಪದ ಇದರಿಂದಲೇ ಬಂತು, ಟಿಕೆಟ್ ಮೇಲೆ ಆ ನಾಲ್ಕು ಅಕ್ಷರ ಹೊಡೀತಿದ್ರು ಅಂತ ಒಂದು ಕಥೆ ಇದೆ. ಕ್ವಿಜ್‌ನಲ್ಲಿ ಯಾರಾದ್ರೂ ಕೇಳಿದ್ರೆ ಹುಷಾರು, ಅಂಥ ಒಂದು ಟಿಕೆಟ್ಟೂ ಇವತ್ತಿನವರೆಗೆ ಸಿಕ್ಕಿಲ್ಲ. ಬಿಸಿಲು ಮಾತ್ರ ನಿಜ.

ಮೂರು, ಜೀವ. ಇದು ತಮಾಷೆಯಲ್ಲ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಫಸ್ಟ್ ಕ್ಲಾಸ್ ಪ್ರಯಾಣಿಕರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಬದುಕಿದರು. ಥರ್ಡ್ ಕ್ಲಾಸ್‌ನಲ್ಲಿ ಬದುಕಿದವರು ನೂರಕ್ಕೆ ಸುಮಾರು 25. ಲೈಫ್‌ಬೋಟುಗಳಿದ್ದದ್ದು ಮೇಲಿನ ಡೆಕ್‌ನಲ್ಲಿ. ಹಡಗಲ್ಲಿ ಇದ್ದ ಎಲ್ಲರಿಗೂ ಸಾಕಾಗೋಷ್ಟು ಬೋಟೂ ಇರಲಿಲ್ಲ.

ಎರಡೇ ವರ್ಷದಲ್ಲಿ, 1914ರಲ್ಲಿ, ಕಡಲ ಪ್ರಯಾಣದ ಸುರಕ್ಷತೆಗೆ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯ್ತು. ಪ್ರತಿಯೊಬ್ಬ ಪ್ರಯಾಣಿಕನಿಗೂ ಲೈಫ್‌ಬೋಟಲ್ಲಿ ಜಾಗ ಇರಬೇಕು, ಟಿಕೆಟ್ ಯಾವುದೇ ಇರಲಿ. ಅಲ್ಲಿಂದ ಮುಂದೆ ಜೀವ ಅನ್ನೋದು ಅಪ್‌ಗ್ರೇಡ್ ಪಟ್ಟಿಯಿಂದ ನಿಧಾನಕ್ಕೆ ಆಚೆ ಬಂತು. ಆಮೇಲೆ ಎಸಿ ಬಂದಾಗ ಗಾಳಿಯೂ ಆಚೆ ಬಂತು.

ಈ ಸಾಲು ನೆನಪಿಟ್ಕೊಳ್ಳಿ, ಉತ್ತರಕ್ಕೆ ಬೇಕಾಗುತ್ತೆ. ಒಂದು ಕಾಲದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದ ಕೆಲವು ವಸ್ತುಗಳು ಈಗ ಎಲ್ಲರ ಟಿಕೆಟ್ಟಲ್ಲೂ ಇವೆ.

ಭಾಗ 7/10: ಛಾವಣಿ ಯಾಕೆ ಹಾಕಲಿಲ್ಲ?

ಇದು ಎಕನಾಮಿಕ್ಸ್ ಪೋಸ್ಟ್. ಪರೀಕ್ಷೆಗೂ ಉಪಯೋಗಕ್ಕೆ ಬರುತ್ತೆ, ಸೇವ್ ಮಾಡ್ಕೊಳ್ಳಿ.

ಫ್ರಾನ್ಸ್‌ನಲ್ಲಿ ಜೂಲ್ಸ್ ಡುಪ್ವಿ ಅಂತ ಒಬ್ಬ ಎಂಜಿನಿಯರ್ ಇದ್ದ. ಆ ಕಾಲದ ಥರ್ಡ್ ಕ್ಲಾಸ್ ರೈಲುಗಾಡಿಗಳಿಗೆ ಛಾವಣಿ ಇರಲಿಲ್ಲ, ಮರದ ಬೆಂಚು. ಛಾವಣಿ ಹಾಕೋಕೆ ಎಷ್ಟು ಮಹಾ ಖರ್ಚು? 1849ರಲ್ಲಿ ಡುಪ್ವಿ ಬರೆದ: ಬಡವರನ್ನ ನೋಯಿಸೋದು ಕಂಪನಿಯ ಉದ್ದೇಶವೇ ಅಲ್ಲ. ಸೆಕೆಂಡ್ ಕ್ಲಾಸ್ ದುಡ್ಡು ಕೊಡೋ ಶಕ್ತಿ ಇರೋನು ಥರ್ಡ್ ಕ್ಲಾಸ್‌ನಲ್ಲಿ ಕೂರಬಾರದು, ಅವನನ್ನ ಹೆದರಿಸಬೇಕು. ಅದಕ್ಕೇ ಛಾವಣಿ ಇಲ್ಲ. ಅದೇ ತರ್ಕ ಮೇಲಕ್ಕೂ ಹೋಗುತ್ತೆ. ಫಸ್ಟ್ ಕ್ಲಾಸ್‌ನವರಿಗೆ ಬೇಡದೇ ಇರೋದನ್ನೂ ಕೊಟ್ಟು ತುಂಬ್ತಾರೆ.

ನಾವು ಪ್ರೈಸ್ ಡಿಸ್ಕ್ರಿಮಿನೇಷನ್ ಅಂತ ಓದ್ತೀವಲ್ಲ, ಅದರ ಬೇರು ಇಲ್ಲಿದೆ. ಒಂದೇ ಹಡಗು, ಒಂದೇ ಎಂಜಿನ್, ಒಂದೇ ದಿನ ತಲುಪೋದು. ಯಾರ ಜೇಬಲ್ಲಿ ಎಷ್ಟಿದೆ ಅಂತ ಕಂಪನಿಗೆ ಗೊತ್ತಿಲ್ಲ. ಹಾಗಾಗಿ ಕ್ಲಾಸ್ ಮಾಡಿ ಇಡ್ತಾರೆ, ನಾವೇ ಹೋಗಿ ನಮ್ಮ ಜೇಬಿಗೆ ತಕ್ಕ ಬಾಗಿಲಲ್ಲಿ ನಿಂತ್ಕೊಳ್ತೀವಿ.

ನಮ್ಮ ಕಡೆಗೂ ಬನ್ನಿ. ಬೆಂಗಳೂರು ತುಮಕೂರು ರೈಲು ದಾರಿ 1880ರ ದಶಕದ್ದು. ಶಿವಗಂಗೆಗೆ ಹತ್ತಿರದ ಸ್ಟೇಷನ್ ನಿಡವಂದ. ಥರ್ಡ್ ಕ್ಲಾಸ್ ಪ್ರಯಾಣಿಕರ ಪಾಡಿನ ಬಗ್ಗೆ ಗಾಂಧೀಜಿ 1917ರಲ್ಲೇ ಬರೆದಿದ್ದರು. ಆ ಥರ್ಡ್ ಕ್ಲಾಸ್ ಅನ್ನೋ ಹೆಸರು ರೈಲಲ್ಲಿ ಹೋಗಿದ್ದು 1974ರಲ್ಲಿ. ಹೆಸರು ಹೋಯ್ತು, ಬೆಳಗ್ಗೆ ನಿಲ್ಲೋಕೂ ಜಾಗ ಇಲ್ಲದ ರಶ್ ಹೋಗಿಲ್ಲ.

ಅಪ್‌ಗ್ರೇಡ್ ಕೂಡ ನಮಗೆ ಹೊಸದಲ್ಲ. ರೈಲ್ವೆ ಟಿಕೆಟ್ ಬುಕ್ ಮಾಡುವಾಗ ಆಟೋ ಅಪ್‌ಗ್ರೇಡೇಷನ್ ಅಂತ ಒಂದು ಚೌಕ ಇರುತ್ತೆ, ಟಿಕ್ ಮಾಡಿದ್ರೆ ಮೇಲಿನ ಕ್ಲಾಸ್ ಖಾಲಿ ಇದ್ದಾಗ ಪುಕ್ಕಟೆ ಸಿಗಬಹುದು. 2006ರಿಂದ ಇದೆ. ಯಾಕೆ ಪುಕ್ಕಟೆ? ಮೇಲಿನ ಖಾಲಿ ಸೀಟು ರೈಲು ಹೊರಟ ಮೇಲೆ ಯಾರಿಗೂ ಬೇಡ. ಕೆಳಗಿನವರನ್ನ ಮೇಲೆ ಕಳಿಸಿದರೆ, ಕೆಳಗೆ ವೇಯ್ಟಿಂಗ್ ಲಿಸ್ಟ್‌ನವರಿಗೆ ಜಾಗ.

ಭಾಗ 8/10: ಚಳಿಗಾಲದ ಖಾಲಿ ಹಡಗು

ಕ್ರೂಸ್ ಹುಟ್ಟಿದ್ದೂ ಖಾಲಿ ಸೀಟಿನ ಚಿಂತೆಯಿಂದಲೇ.

ಜರ್ಮನಿಯ ಹ್ಯಾಂಬರ್ಗ್ ಅಮೆರಿಕಾ ಲೈನ್ ಕಂಪನಿಯ ಆಲ್ಬರ್ಟ್ ಬಾಲಿನ್‌ಗೆ ಒಂದು ತೊಂದರೆ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟೋರು ಕಮ್ಮಿ, ಹಡಗು ಸುಮ್ಮನೆ ನಿಂತಿರುತ್ತೆ. ನಿಂತ ಹಡಗಿಗೂ ಖರ್ಚು ತಪ್ಪಲ್ಲ. 1891ರಲ್ಲಿ ಅಗಸ್ಟಾ ವಿಕ್ಟೋರಿಯಾ ಅನ್ನೋ ಹಡಗನ್ನ ಮೆಡಿಟರೇನಿಯನ್ ಸುತ್ತಾಟಕ್ಕೆ ಕಳಿಸಿದ. ಎಲ್ಲಿಗೂ ಹೋಗಬೇಕಾಗಿಲ್ಲದ ಪ್ರಯಾಣ! ಜನ ನಕ್ಕರು, ಆದರೆ ದುಡ್ಡು ಬಂತು. 1900ರಲ್ಲಿ ಇದಕ್ಕಂತಲೇ ಒಂದು ಹಡಗು ಕಟ್ಟಿಸಿದ. ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್ ಅಂತ ಹೆಸರು. ಅದರಲ್ಲಿ ಇದ್ದದ್ದು ಫಸ್ಟ್ ಕ್ಲಾಸ್ ಮಾತ್ರ, ಸುಮಾರು 120 ಕ್ಯಾಬಿನ್.

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟೋಕೆ ಶುರು ಮಾಡಿದವು. ಊರಿಂದ ಊರಿಗೆ ಹೋಗೋಕೆ ಹಡಗು ಯಾರಿಗೂ ಬೇಡವಾಯ್ತು. ಉಳಿದದ್ದು ಸುತ್ತಾಟ. ರಜೆಗೆ ಬಂದವರನ್ನ ಗೇಟು ಹಾಕಿ ಬೇರೆ ಮಾಡಿದ್ರೆ ಯಾರು ಬರ್ತಾರೆ? ನಿಧಾನಕ್ಕೆ ಹಡಗುಗಳು ಒಂದೇ ಕ್ಲಾಸ್ ಆದವು. ಕೋಣೆ ಚಿಕ್ಕದೋ ದೊಡ್ಡದೋ, ಊಟ, ಈಜುಕೊಳ, ಆಟ ಎಲ್ಲರಿಗೂ ಒಂದೇ.

ಆದರೆ ಡುಪ್ವಿಯ ಭೂತ ಅಷ್ಟು ಸುಲಭಕ್ಕೆ ಹೋಗುತ್ತಾ? ಕಳೆದ ಇಪ್ಪತ್ತು ವರ್ಷದಲ್ಲಿ ಹಡಗುಗಳು ಊರಷ್ಟು ದೊಡ್ಡದಾದವು, ಕ್ಯೂ ಉದ್ದ ಆಯ್ತು. ಆಗ ಸೂಟ್‌ನವರಿಗೆ ಬೇರೆ ಊಟದ ಮನೆ, ಬೇರೆ ಈಜುಕೊಳ, ಮೊದಲು ಹತ್ತೋ ಇಳಿಯೋ ಹಕ್ಕು ಬಂತು. 2008ರಲ್ಲಿ ಎಂಎಸ್‌ಸಿ ಕಂಪನಿ ಹಡಗಿನೊಳಗೇ ಕಾರ್ಡ್ ಇದ್ದವರಿಗೆ ಮಾತ್ರ ಬಾಗಿಲು ತೆಗೆಯೋ ಒಂದು ಹಡಗು ಮಾಡಿತು. ಕ್ಲಾಸ್ ಅನ್ನೋ ಪದ ಬಾಗಿಲಿಂದ ಹೋಗಿ ಕಿಟಕಿಯಿಂದ ವಾಪಸ್ ಬಂತು.

ಈಗ ಆ ಫೋನ್ ಕಾಲ್ ಅರ್ಥ ಆಯ್ತಾ? ಹಡಗು ಹೊರಡೋ ದಿನ ಖಾಲಿ ಉಳಿದ ಸೂಟ್‌ನ ಬೆಲೆ ಸೊನ್ನೆ. ದಿನ ಹತ್ತಿರ ಬಂದಷ್ಟೂ ಆಫರ್ ಬರೋದು ಅದಕ್ಕೇ. ಅವಸರ ನಿಮಗಲ್ಲ, ಅವರಿಗೆ. "ಇವತ್ತೇ ಹೇಳಿ ಸರ್" ಅಂದ್ರೆ ಒಂದು ದಿನ ತಡೀರಿ.

ಭಾಗ 9/10: ನಮ್ಮನೆ ಲೆಕ್ಕ

ಇಷ್ಟೆಲ್ಲ ಓದಿದ್ದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ದುಡಿದು ಈ ವರ್ಷ ರಿಟೈರ್ ಆದರು. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ ಮೂರು ಜನಕ್ಕೆ ಲಕ್ಷದ್ವೀಪದ ಹಡಗು ಬುಕ್ ಆಯ್ತು. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್. ವಾರಕ್ಕೆ ಫೋನ್ ಬಂತು, ಸೂಟ್. ಕೇಳಿದ ಹೆಚ್ಚುವರಿ ದುಡ್ಡು ನನ್ನ ಒಂದು ವರ್ಷದ ಕಾಲೇಜ್ ಫೀಸ್‌ಗಿಂತ ಜಾಸ್ತಿ.

ನಾನು ಪಟ್ಟಿ ಮಾಡಿದೆ. ಊಟ ಎಲ್ಲರಿಗೂ ಒಂದೇ. ಲೈಫ್‌ಬೋಟ್ ಎಲ್ಲರಿಗೂ ಇದೆ. ಎಸಿ ಎಲ್ಲರಿಗೂ ಇದೆ. ಅಂದ್ರೆ ಹಳೇ ಕಾಲದ ಆ ಮೂರೂ ಈಗ ಕೆಳಗಿನ ಟಿಕೆಟ್ಟಲ್ಲೇ ಬಂತು. ಸೂಟ್ ಕೊಡೋದು ಜಾಗ, ಸೋಫಾ, ಮೊದಲು ಹತ್ತೋ ಸಾಲು. ಮೂರು ರಾತ್ರಿಗೆ ಅಷ್ಟು ದುಡ್ಡಾ?

ದೊಡ್ಡಪ್ಪ ಪಟ್ಟಿ ನೋಡಿ ಸುಮ್ಮನಿದ್ದರು. ಆಮೇಲೆ ಹೇಳಿದರು, "ನಿಡವಂದದಿಂದ ಯಶವಂತಪುರದವರೆಗೂ ಮೂವತ್ತು ವರ್ಷ ನಿಂತ್ಕೊಂಡು ಹೋಗಿದ್ದೀನಿ ಮಗ. ಒಂದು ಸಲ ಕಾಲು ಚಾಚಿ ಹೋಗಬೇಕು ಅನ್ಸಲ್ವಾ?"

ಇದು ನನ್ನ ಎಕ್ಸೆಲ್ ಶೀಟ್‌ನಲ್ಲಿ ಯಾವ ಕಾಲಂಗೂ ಹೋಗೋ ಮಾತಲ್ಲ. 23 ವರ್ಷದ ಗಾಂಧಿ ಡೆಕ್ ಬೇಡ ಅಂದಾಗ ಮನಸಲ್ಲಿದ್ದದ್ದೂ ಇದೇ. ಗೌರವಕ್ಕೆ ಬೆಲೆ ಕಟ್ಟೋಕೆ ನಾನ್ಯಾರು?

ಅಜ್ಜಿಗೆ ಮಂಡಿನೋವು. ಕಡಲನ್ನೇ ನೋಡಿಲ್ಲ ಅವರು. ಅವರನ್ನ ಕೇಳಿದ್ವಿ. "ಆ ದೊಡ್ಡ ರೂಮಿಂದ ನೋಡಿದ್ರೆ ಕಡಲು ಬೇರೆ ಥರ ಕಾಣ್ತದಾ?" ಅಂದರು. ಇಲ್ಲ ಅಜ್ಜಿ, ಆದರೆ ಈಗ ಬುಕ್ ಮಾಡಿರೋ ರೂಮಿಂದ ಕಾಣೋದೇ ಇಲ್ಲ ಅಂದೆ. "ಹಂಗಾದ್ರೆ ಕಾಣೋ ಹಂಗಿರೋದು ಮಾಡ್ಸಿ."

ಮಾರನೇ ದಿನ ದೊಡ್ಡಪ್ಪ ಬಾಲ್ಕನಿ ಇರೋ ಕ್ಯಾಬಿನ್‌ಗೆ ಬದಲಾಯಿಸಿದರು. ಹಡಗಿನ ಮಧ್ಯಭಾಗದಲ್ಲಿ, ತೀರ ಮೇಲಲ್ಲದ ಮಹಡಿಯಲ್ಲಿ, ಲಿಫ್ಟ್ ಹತ್ತಿರ. ತಕ್ಕಡಿಯ ಮಧ್ಯದ ಮುಳ್ಳಿನ ಥರ ಮಧ್ಯಭಾಗ ಕಮ್ಮಿ ಅಲ್ಲಾಡುತ್ತೆ, ತುದಿಗಳು ಜಾಸ್ತಿ. ಅಜ್ಜಿ ಕೂತಲ್ಲೇ ಕಡಲು ನೋಡಬಹುದು, ದೊಡ್ಡಪ್ಪ ಕಾಲು ಚಾಚಬಹುದು. ಸೂಟ್‌ಗೆ ಹೋಗಬೇಕಿದ್ದ ದುಡ್ಡಲ್ಲಿ ಸ್ವಲ್ಪ ದ್ವೀಪದಲ್ಲಿ ಇಳಿದ ಮೇಲಿನ ಖರ್ಚಿಗೆ, ಮಿಕ್ಕಿದ್ದು ಅಜ್ಜಿಯ ಮಂಡಿ ಚಿಕಿತ್ಸೆಗೆ ಅಂತ ಎತ್ತಿಟ್ಟಾಯ್ತು. ದೊಡ್ಡಪ್ಪನಿಗೆ ಪೂರ್ತಿ ಸಮಾಧಾನ ಆಗಿದೆ ಅಂತ ನಾನು ಹೇಳಲ್ಲ.

ಭಾಗ 10/10: ಮೇಲಿಂದ ಕೆಳಗೆ

ಕೊನೆಗೆ ಮತ್ತೆ ಆ ಲಾಯರ್.

1914ರಲ್ಲಿ ಗಾಂಧಿ ದಕ್ಷಿಣ ಆಫ್ರಿಕಾ ಬಿಟ್ಟು ಇಂಗ್ಲೆಂಡಿಗೆ ಹೋದಾಗ ಕಸ್ತೂರಬಾ ಮತ್ತು ಗೆಳೆಯ ಕ್ಯಾಲೆನ್‌ಬಾಕ್ ಜೊತೆ ಥರ್ಡ್ ಕ್ಲಾಸ್‌ನಲ್ಲಿ ಹೋದರು. 1931ರ ಆಗಸ್ಟ್‌ನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೊರಟಾಗ, ಎಸ್.ಎಸ್. ರಜಪುತಾನ ಹಡಗಲ್ಲಿ ಸೆಕೆಂಡ್ ಕ್ಲಾಸ್. ಅದಕ್ಕಿಂತ ಕೆಳಗಿನದು ಆ ಹಡಗಲ್ಲಿ ಇರಲಿಲ್ಲ. ಹೆಚ್ಚು ಹೊತ್ತು ಕಳೆದದ್ದು ಡೆಕ್ ಮೇಲೆ. ಜೊತೆಯವರು ತಂದಿದ್ದ ಹೆಚ್ಚಿನ ಸಾಮಾನನ್ನ ಏಡನ್ ಬಂದರಿಂದಲೇ ವಾಪಸ್ ಕಳಿಸಿದರು.

1893ರಲ್ಲಿ ಡೆಕ್ ನನ್ನ ಗೌರವಕ್ಕೆ ಕಮ್ಮಿ ಅಂದವರು, 38 ವರ್ಷ ಆದ ಮೇಲೆ ಡೆಕ್ ಮೇಲೆ ಕೂತು ಚರಕ ತಿರುಗಿಸ್ತಿದ್ದರು. ಹಡಗು ಬದಲಾಗಿರಲಿಲ್ಲ. ಗೌರವ ಎಲ್ಲಿಂದ ಬರುತ್ತೆ ಅನ್ನೋ ಅವರ ಲೆಕ್ಕ ಬದಲಾಗಿತ್ತು. ಎಲ್ಲರೂ ಗಾಂಧಿ ಆಗೋಕೆ ಆಗಲ್ಲ, ಆಗಬೇಕಾಗೂ ಇಲ್ಲ. ಮೂವತ್ತು ವರ್ಷ ನಿಂತವರಿಗೆ ಕೂರೋಕೆ ಸೀಟು ಬೇಕು, ಅದು ಆಡಂಬರ ಅಲ್ಲ.

ಇತಿಹಾಸದಿಂದ ನಾನು ತೆಗೆದ ಲೆಕ್ಕ ಇಷ್ಟು. ಹೆಚ್ಚುವರಿ ದುಡ್ಡು ದೇಹದ ನೋವು ಕಮ್ಮಿ ಮಾಡೋದಾದ್ರೆ, ನೋಡೋಕೆ ಹೊರಟಿದ್ದನ್ನ ಕಾಣಿಸೋದಾದ್ರೆ ಕೊಡಿ. ಬೇರೆಯವರಿಗಿಂತ ಮೊದಲು ಇಳಿಯೋಕೆ ಮಾತ್ರ ಆಗಿದ್ರೆ ಇಟ್ಕೊಳ್ಳಿ, ದಡದಲ್ಲಿ ಬೇಕಾಗುತ್ತೆ. ಸಾಲ ಮಾಡಿ ಮಾತ್ರ ಬೇಡವೇ ಬೇಡ.

ಇನ್ನೊಂದು ವಿಷಯ. ಈಗ ಚಳಿಗಾಲ ಬಂದ್ರೆ ವಿದೇಶಿ ಕ್ರೂಸ್ ಹಡಗುಗಳು ನವಮಂಗಳೂರು ಬಂದರಿಗೆ ಬರ್ತವೆ. ಸೂಟ್‌ನಿಂದ ಇಳಿದವರು ಕದ್ರಿ ದೇವಸ್ಥಾನ, ಮೂಡಬಿದಿರೆ ಸಾವಿರ ಕಂಬದ ಬಸದಿ ನೋಡ್ಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹಳೇ ಬಂದರು. ಒಂದು ಕಾಲದಲ್ಲಿ ಅಲ್ಲಿಂದ ದೋಣಿ ಹತ್ತಿ, ಆಗಬೋಟಿನ ಡೆಕ್ ಮೇಲೆ ಚಾಪೆ ಹಾಸ್ಕೊಂಡು ಹೋದವರ ಮೊಮ್ಮಕ್ಕಳು ಇವತ್ತು ನಮ್ಮ ಜೊತೆ ಓದ್ತಿರಬಹುದು. ನಿಮ್ಮ ಮನೆಯಲ್ಲಿ ಅಂಥ ಪ್ರಯಾಣ ಮಾಡಿದವರು ಇದ್ದಾರಾ? ಅಜ್ಜ ಅಜ್ಜಿಯರನ್ನ ಕೇಳಿ ನೋಡಿ, ಕಮೆಂಟ್‌ನಲ್ಲಿ ಬರೀರಿ. ಆ ಟಿಕೆಟ್ಟಿನ ಕಥೆ ಯಾವ ಪುಸ್ತಕದಲ್ಲೂ ಸಿಗಲ್ಲ.

#ಶಿವಗಂಗೆ #ನೆಲಮಂಗಲ #ಇತಿಹಾಸ #ಕಡಲು #ಬಿಕಾಂಹುಡುಗರು #ಕನ್ನಡದಲ್ಲಿಓದಿ